ಅಸೆಂಬ್ಲಿ ಭಾಷೆಯ ಮ್ಯಾಕ್ರೊಗಳಲ್ಲಿ ದೋಷಶೋಧನೆಯ ಕ್ರಮ

೧. ಪೀಠಿಕೆ

ಗಣಕಯಂತ್ರಕ್ಕೆ ಕೊಡತಕ್ಕ ಸೂಚನೆಗಳನ್ನು ಒಂದೊಂದಾಗಿ, ಯಂತ್ರದ ನಡೆಯನ್ನೇ ಅನುಸರಿಸಿ ಬರೆಯುವ ಭಾಷೆಗೆ ಅಸೆಂಬ್ಲಿ ಭಾಷೆಯೆಂದು ಹೆಸರು. ಈ ಭಾಷೆಯಲ್ಲಿ ಬರೆಯುವವನು ಒಂದೇ ಸೂಚನಾಸಮೂಹವನ್ನು ಹಲವೆಡೆಗಳಲ್ಲಿ ಮತ್ತೆ ಮತ್ತೆ ಬರೆಯಬೇಕಾಗುವುದು. ಆ ಶ್ರಮವನ್ನು ಉಳಿಸುವುದಕ್ಕಾಗಿ, ಸಮೂಹಕ್ಕೆ ಒಂದು ಹೆಸರಿಟ್ಟು, ಬೇಕಾದಲ್ಲಿ ಹೆಸರನ್ನು ಮಾತ್ರ ಬರೆದು, ಅದರ ಸ್ಥಾನದಲ್ಲಿ ಪೂರ್ಣಪಾಠವನ್ನು ಇಡುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪದ್ಧತಿಯುಂಟು. ಹೀಗೆ ಇಟ್ಟ ಹೆಸರೇ ಮ್ಯಾಕ್ರೊ. ನೀಳವಾದುದು, ದೊಡ್ಡದು ಎಂಬರ್ಥದ ಗ್ರೀಕ್ ಶಬ್ದದಿಂದ ಈ ಪದವು ಬಂದಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕಿಲ್‌ರಾಯ್ ಅವರು ೧೯೬೦ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಪದ್ಧತಿಯನ್ನು ಮೇಲ್ಮಟ್ಟದ ಭಾಷೆಗಳಿಗೂ ಅನ್ವಯಿಸುವ ಬಗೆಯನ್ನು ವಿವರಿಸಿದರು.

ಮ್ಯಾಕ್ರೊವಿನ ಸ್ವರೂಪವನ್ನು ತಿಳಿಯಲು ವ್ಯಾಕರಣದ ಒಂದು ಪರಿಭಾಷೆಯು ನೆರವಾಗುತ್ತದೆ. ‘ಮಳೆ’ ‘ಕಾಲ’ ಎಂಬೆರಡು ಪದಗಳು ಕೂಡಿ ‘ಮಳೆಗಾಲ’ವಾಗುವಲ್ಲಿ ಕಕಾರದ ಸ್ಥಾನಕ್ಕೆ ಗಕಾರವು ಬರುವುದನ್ನು ಆದೇಶವೆನ್ನುತ್ತಾರೆ. ಮ್ಯಾಕ್ರೊವೂ ಒಂದು ಆದೇಶವೇ ಸರಿ. ಹೆಸರು ಹೋಗಿ ಪಾಠವು ಆ ಸ್ಥಾನದಲ್ಲಿ ನಿಲ್ಲುತ್ತದೆ. ಅರ್ಥವಿಚಾರವು ಅಲ್ಲಿ ನಡೆಯುವುದಿಲ್ಲ. ಬರೆದವನ ಕಣ್ಣು ಹೆಸರನ್ನು ಓದುತ್ತದೆ, ಯಂತ್ರವು ಆದೇಶವಾಗಿ ಬಂದ ಪಾಠವನ್ನು ಓದುತ್ತದೆ. ಇವೆರಡಕ್ಕೂ ಅಂತರವುಂಟಾದಾಗ ಹುಟ್ಟುವುದೇ ಮ್ಯಾಕ್ರೊದೋಷ.

ಮೈಕ್ರೊಕಂಟ್ರೋಲರ್ ಎಂಬುದು ಒಂದೇ ಬಿಲ್ಲೆಯಲ್ಲಿ ಗಣನಾಂಗ, ಸ್ಮೃತಿ, ಹೊರಜಗತ್ತಿನೊಡನೆ ವ್ಯವಹರಿಸುವ ದ್ವಾರಗಳು ಇವೆಲ್ಲವನ್ನೂ ಒಳಗೊಂಡ ಸಣ್ಣ ಗಣಕಯಂತ್ರ. ಮೋಟಾರು, ಕವಾಟ, ಒಲೆ, ಅಳತೆಯ ಉಪಕರಣ ಮೊದಲಾದುವನ್ನು ಅದು ನಡೆಸುತ್ತದೆ. ಅದಕ್ಕೆ ಪರದೆಯಿಲ್ಲ, ತಪ್ಪಾದಾಗ ತಪ್ಪೆಂದು ಹೇಳುವ ಬಾಯಿಯೂ ಇಲ್ಲ. ಬರಹದ ದೋಷವು ದೀಪ ಉರಿಯದಿರುವುದಾಗಿ, ಮೋಟಾರು ನಿಲ್ಲದಿರುವುದಾಗಿ ಕಾಣಿಸಿಕೊಳ್ಳುತ್ತದೆ. ಆಗ ತಂತಿಯನ್ನೂ ಬಿಲ್ಲೆಯನ್ನೂ ಶಂಕಿಸುವುದು ಸಹಜವೇ ಹೊರತು ಮ್ಯಾಕ್ರೊವನ್ನು ಶಂಕಿಸುವುದು ವಿರಳ. ಆದುದರಿಂದ ಈ ದೋಷಗಳನ್ನು ವರ್ಗೀಕರಿಸಿ, ಅವನ್ನು ಶೋಧಿಸತಕ್ಕ ಕ್ರಮವನ್ನು ನಿರೂಪಿಸುವುದು ಪ್ರಯೋಜನಕರವಾದುದು.

೨. ಪಾಠವು ದಾಟುವ ಹಂತಗಳು

ವಿವೇಚನೆಗೆ ಆಧಾರವಾಗಿ ಎವಿಆರ್ ಎಂಬ ಮೈಕ್ರೊಕಂಟ್ರೋಲರ್ ವರ್ಗವನ್ನು ತೆಗೆದುಕೊಳ್ಳಬಹುದು. ನಾರ್ವೆ ದೇಶದ ಟ್ರಾನ್‌ಹೈಮ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಆಲ್ಫ್ ಎಗಿಲ್ ಬೋಗನ್, ವೇಗಾರ್ಡ್ ವೋಲನ್ ಎಂಬಿಬ್ಬರು ಇದರ ಮೂಲವಿನ್ಯಾಸವನ್ನು ರಚಿಸಿದರು. ಆಟ್ಮೆಲ್ ಸಂಸ್ಥೆಯು ೧೯೯೦ರ ದಶಕದಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಆ ಸಂಸ್ಥೆಯು ೨೦೧೬ರಲ್ಲಿ ಮೈಕ್ರೊಚಿಪ್ ಸಂಸ್ಥೆಯ ಅಧೀನವಾಯಿತು. ಈ ವರ್ಗದ ಎಟಿಮೆಗಾ ೩೨೮ಪಿ ಎಂಬ ಬಿಲ್ಲೆಯು ಆರ್ಡುಯಿನೊ ಊನೊ ಎಂಬ ಫಲಕದ ಮೂಲಕ ಅನೇಕ ವಿದ್ಯಾರ್ಥಿಗಳ ಕೈಸೇರಿದೆ.

ಗ್ನೂ ಸಾಧನಗಳಿಂದ ಇದಕ್ಕೆ ಅಸೆಂಬ್ಲಿ ಬರೆಯುವಾಗ ಪಾಠವು ಮೂರು ಹಂತಗಳನ್ನು ದಾಟುತ್ತದೆ. ಮೊದಲನೆಯದು ಪ್ರಿಪ್ರೊಸೆಸರ್. ಇದು ಸಿ ಭಾಷೆಗಾಗಿ ಹುಟ್ಟಿದ ಸಾಧನ. # ಚಿಹ್ನೆಯಿಂದ ಆರಂಭವಾಗುವ ‘ಡಿಫೈನ್’, ‘ಇಂಕ್ಲೂಡ್’, ‘ಇಫ್’ ಮೊದಲಾದ ಸಾಲುಗಳನ್ನು ಇದು ನೆರವೇರಿಸುತ್ತದೆ. ಎರಡನೆಯದು ಅಸೆಂಬ್ಲರ್. ಚುಕ್ಕೆಯಿಂದ ಆರಂಭವಾಗುವ ‘.ಮ್ಯಾಕ್ರೊ’, ‘.ಈಕ್ಯು’, ‘.ಇಫ್’ ಎಂಬ ನಿರ್ದೇಶಗಳು ಇದರವು. ಸೂಚನೆಗಳನ್ನು ಯಂತ್ರಸಂಖ್ಯೆಗಳಾಗಿ ಮಾರ್ಪಡಿಸುವುದೂ ಇದೇ. ಮೂರನೆಯದು ಲಿಂಕರ್. ಬೇರೆ ಬೇರೆ ಕಡತಗಳ ಭಾಗಗಳನ್ನು ಜೋಡಿಸಿ, ಉಳಿದ ಹೆಸರುಗಳಿಗೆ ವಿಳಾಸಗಳನ್ನು ಇದು ತುಂಬುತ್ತದೆ.

ಮ್ಯಾಕ್ರೊ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ವಸ್ತುಗಳಿವೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ರಿಪ್ರೊಸೆಸರಿನ ಮ್ಯಾಕ್ರೊ ಒಂದು. ಅಸೆಂಬ್ಲರಿನ ಮ್ಯಾಕ್ರೊ ಇನ್ನೊಂದು. ಮೊದಲನೆಯದು ಅಸೆಂಬ್ಲಿ ಭಾಷೆಯನ್ನೇ ಅರಿಯದು, ಎರಡನೆಯದು ಅರಿತುದು. ಈ ಭೇದವನ್ನು ಮರೆತುದರಿಂದಲೇ ಮುಂದೆ ಹೇಳತಕ್ಕ ದೋಷಗಳಲ್ಲಿ ಬಹುಭಾಗವು ಉಂಟಾಗುತ್ತದೆ.

೩. ಮೊದಲ ಹಂತವೇ ನಡೆಯದಿರುವುದು

ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯ ಮುಂದೆ ಇಂಗ್ಲಿಷಿನ ‘ಎಸ್’ ಅಕ್ಷರವಿರುತ್ತದೆ. ಅದು ದೊಡ್ಡಕ್ಷರವಾಗಿದ್ದರೆ ಪ್ರಿಪ್ರೊಸೆಸರ್ ಮೊದಲು ನಡೆಯುತ್ತದೆ. ಸಣ್ಣಕ್ಷರವಾಗಿದ್ದರೆ ನಡೆಯುವುದಿಲ್ಲ, ಪಾಠವು ನೇರವಾಗಿ ಅಸೆಂಬ್ಲರಿಗೆ ಹೋಗುತ್ತದೆ. ಎವಿಆರ್ ಅಸೆಂಬ್ಲರಿಗೆ # ಚಿಹ್ನೆಯಿಂದ ಆರಂಭವಾದ ಸಾಲು ಟಿಪ್ಪಣಿಯ ಸಾಲು. ಆದಕಾರಣ ‘ಡಿಫೈನ್’, ‘ಇಂಕ್ಲೂಡ್’ ಸಾಲುಗಳೆಲ್ಲವನ್ನೂ ಅದು ಟಿಪ್ಪಣಿಯೆಂದು ಬಗೆದು ಮೌನವಾಗಿ ದಾಟಿಬಿಡುತ್ತದೆ.

ಮುಂದೆ ‘ಪೋರ್ಟ್‌ಬಿ’ ಎಂಬ ಹೆಸರು ಬಂದಾಗ ಅಸೆಂಬ್ಲರಿಗೆ ಅದು ಅಪರಿಚಿತ. ಅಪರಿಚಿತವಾದ ಹೆಸರನ್ನು ಬೇರೊಂದು ಕಡತದಲ್ಲಿರಬಹುದಾದುದೆಂದು ಊಹಿಸಿ ಅದು ಲಿಂಕರಿಗೆ ಬಿಡುತ್ತದೆ. ಲಿಂಕರು ಎಲ್ಲಿಯೂ ಕಾಣದೆ ‘ಈ ಹೆಸರಿಗೆ ನಿರ್ವಚನವಿಲ್ಲ’ವೆಂದು ದೂರುತ್ತದೆ. ದೋಷವಿರುವುದು ಕಡತದ ಹೆಸರಿನ ಒಂದಕ್ಷರದಲ್ಲಿ, ದೂರು ಬರುವುದು ಕೊನೆಯ ಹಂತದಲ್ಲಿ. ಉಪಕರಣದ ದ್ವಾರದ ಹೆಸರೊಂದನ್ನು ಲಿಂಕರು ಅರಿಯೆನೆಂದು ಹೇಳಿದರೆ, ಮೊದಲನೆಯ ಹಂತವು ನಡೆಯಿತೇ ಎಂಬುದನ್ನು ಪರೀಕ್ಷಿಸತಕ್ಕದ್ದು.

೪. ಯಥಾವತ್ತಾದ ಆದೇಶದಿಂದ ಬರುವ ದೋಷಗಳು

ಪ್ರಿಪ್ರೊಸೆಸರು ಪಾಠವನ್ನು ಇದ್ದಂತೆಯೇ ಇಡುತ್ತದೆ. ‘ಅವಧಿ’ ಎಂಬ ಹೆಸರಿಗೆ ೪ + ೧ ಎಂಬ ಪಾಠವನ್ನು ಕೊಟ್ಟು, ಬಳಿಕ ‘ಅವಧಿ × ೨’ ಎಂದು ಬರೆದರೆ, ಬರುವುದು ೧೦ ಅಲ್ಲ. ೪ + ೧ × ೨, ಎಂದರೆ ೬. ಪಾಠವನ್ನು ಆವರಣ ಚಿಹ್ನೆಗಳ ಒಳಗಿಡುವುದು ಇದರ ಪರಿಹಾರವೆಂಬುದು ಪ್ರಸಿದ್ಧವಾಗಿದೆ.

ಇಷ್ಟು ಪ್ರಸಿದ್ಧವಲ್ಲದ ಅಂಶವೊಂದುಂಟು. ಗಣಿತಕ್ರಿಯೆಗಳ ಆದ್ಯತೆಯು ಈ ಎರಡು ಹಂತಗಳಲ್ಲಿ ಒಂದೇ ಬಗೆಯಾಗಿಲ್ಲ. ಪ್ರಿಪ್ರೊಸೆಸರಿನ ‘ಇಫ್’ ಸಾಲಿನಲ್ಲಿ ಸಿ ಭಾಷೆಯ ನಿಯಮದಂತೆ ಕೂಡುವ ಕ್ರಿಯೆಯು ಮೊದಲು, ಬಿಟ್ಟುಗಳನ್ನು ಎಡಕ್ಕೆ ಸರಿಸುವ ಕ್ರಿಯೆಯು ಅನಂತರ. ಗ್ನೂ ಅಸೆಂಬ್ಲರಿನಲ್ಲಿ ಸರಿಸುವುದು ಗುಣಾಕಾರದ ಸಮಾನವಾದುದು. ಕೂಡುವುದು ಅದಕ್ಕಿಂತ ಕೆಳಗಿನದು. ಆದುದರಿಂದ ‘೧ << ೨ + ೧’ ಎಂಬ ಪಾಠಕ್ಕೆ ‘ಇಫ್’ ಸಾಲಿನಲ್ಲಿ ೮ ಎಂಬ ಬೆಲೆಯೂ, ಅದೇ ಕಡತದ ಸೂಚನೆಯೊಂದರಲ್ಲಿ ೫ ಎಂಬ ಬೆಲೆಯೂ ಬರುತ್ತದೆ. ಒಂದೇ ಮ್ಯಾಕ್ರೊ ಒಂದು ಸಾಲಿನಲ್ಲಿ ಪರೀಕ್ಷೆಗೆ ಸರಿಯಾಗಿ ನಿಂತು, ಮರುಸಾಲಿನಲ್ಲಿ ಬೇರೆ ಸಂಖ್ಯೆಯಾಗುವುದು ಹೀಗೆ. ಹೊರಗಿನ ಆವರಣವೊಂದೇ ಇಲ್ಲಿ ಸಾಲದು. ಒಳಗಿನ ಕ್ರಿಯೆಗಳನ್ನೂ ಆವರಣದಿಂದ ಬೇರ್ಪಡಿಸಬೇಕು.

ಎವಿಆರ್ ಅಸೆಂಬ್ಲರಿನಲ್ಲಿ ಅರ್ಧವಿರಾಮವು (;) ಟಿಪ್ಪಣಿಯ ಆರಂಭಚಿಹ್ನೆ. ಪ್ರಿಪ್ರೊಸೆಸರು ಅದನ್ನು ಟಿಪ್ಪಣಿಯೆಂದು ಅರಿಯದು. ‘ದೀಪ’ ಎಂಬ ಹೆಸರಿಗೆ ೫ ಎಂಬ ಪಾಠವನ್ನಿತ್ತು, ಅದರ ಮುಂದೆ ಅರ್ಧವಿರಾಮದೊಡನೆ ವಿವರಣೆಯನ್ನು ಬರೆದರೆ, ಆ ವಿವರಣೆಯೂ ಪಾಠದ ಭಾಗವೇ ಆಗಿಹೋಗುತ್ತದೆ. ಸೂಚನೆಯ ಕೊನೆಯಲ್ಲಿ ‘ದೀಪ’ವು ಬಂದಲ್ಲಿ ಹಾನಿಯಿಲ್ಲ, ಆವರಣದ ಒಳಗೆ ಬಂದಲ್ಲಿ ಮುಚ್ಚುವ ಆವರಣವು ಟಿಪ್ಪಣಿಯೊಳಗೆ ಸೇರಿ ಅಸೆಂಬ್ಲರು ತಡೆಯುತ್ತದೆ. ಹತ್ತು ಕಡೆ ನಡೆದ ಮ್ಯಾಕ್ರೊ ಹನ್ನೊಂದನೆಯ ಕಡೆ ಕೆಟ್ಟುದೇಕೆಂದು ಬರೆದವನು ಬೆರಗಾಗುತ್ತಾನೆ. ಮ್ಯಾಕ್ರೊ ನಿರ್ವಚನದ ಸಾಲಿನಲ್ಲಿ ಸಿ ಭಾಷೆಯ ಟಿಪ್ಪಣಿಚಿಹ್ನೆಗಳನ್ನೇ ಬಳಸುವುದು ಕ್ಷೇಮ. ಅವನ್ನು ಪ್ರಿಪ್ರೊಸೆಸರು ತಾನೇ ತೆಗೆದುಹಾಕುತ್ತದೆ.

ಅರ್ಧವಿರಾಮದ ಇನ್ನೊಂದು ಉಪದ್ರವವು ಇದಕ್ಕಿಂತ ಗಂಭೀರವಾದುದು. ಎಆರ್‌ಎಂ ಮೊದಲಾದ ಬೇರೆ ಯಂತ್ರಗಳ ಗ್ನೂ ಅಸೆಂಬ್ಲರಿನಲ್ಲಿ ಅರ್ಧವಿರಾಮವು ಒಂದು ಸೂಚನೆಯನ್ನು ಮತ್ತೊಂದರಿಂದ ಬೇರ್ಪಡಿಸುವ ಚಿಹ್ನೆ. ಆ ಅಭ್ಯಾಸದಿಂದ ಬಂದವನು ಮೂರು ಸೂಚನೆಗಳ ‘ಡಿಫೈನ್’ ಮ್ಯಾಕ್ರೊವನ್ನು ಅರ್ಧವಿರಾಮಗಳಿಂದ ಬೇರ್ಪಡಿಸಿ, ಸಾಲುಗಳ ಕೊನೆಯಲ್ಲಿ ಹಿಂಬಾಗಿದ ಗೀಟನ್ನಿಟ್ಟು ಬರೆಯುತ್ತಾನೆ. ಪ್ರಿಪ್ರೊಸೆಸರು ಆ ಸಾಲುಗಳನ್ನೆಲ್ಲ ಕೂಡಿಸಿ ಒಂದೇ ಸಾಲಾಗಿ ಮಾಡುತ್ತದೆ. ಎವಿಆರ್ ಅಸೆಂಬ್ಲರು ಮೊದಲನೆಯ ಸೂಚನೆಯನ್ನು ಓದಿ, ಅರ್ಧವಿರಾಮವನ್ನು ಕಂಡು, ಉಳಿದೆರಡನ್ನೂ ಟಿಪ್ಪಣಿಯೆಂದು ಬಿಟ್ಟುಬಿಡುತ್ತದೆ. ದೂರು ಯಾವ ಹಂತದಲ್ಲಿಯೂ ಇಲ್ಲ. ಮೂರು ಸೂಚನೆಗಳ ಬದಲು ಒಂದು ಮಾತ್ರ ಬಿಲ್ಲೆಯನ್ನು ಸೇರುತ್ತದೆ. ಎವಿಆರ್‌ನಲ್ಲಿ ಬೇರ್ಪಡಿಸುವ ಚಿಹ್ನೆ $. ಇದನ್ನು ಬಳಸಬಹುದು, ಆದರೆ ಒಂದಕ್ಕಿಂತ ಹೆಚ್ಚು ಸೂಚನೆಗಳಿರುವಲ್ಲಿ ‘.ಮ್ಯಾಕ್ರೊ’ ನಿರ್ದೇಶವೇ ಉತ್ತಮ, ಏಕೆಂದರೆ ಅದರಲ್ಲಿ ಸಾಲುಗಳು ಸಾಲುಗಳಾಗಿಯೇ ಉಳಿಯುತ್ತವೆ.

೫. ಹಂತಗಳ ಪೌರ್ವಾಪರ್ಯ

‘.ಈಕ್ಯು’ ನಿರ್ದೇಶದಿಂದ ‘ವೇಗ’ ಎಂಬ ಹೆಸರಿಗೆ ೩ ಎಂಬ ಬೆಲೆಯನ್ನಿತ್ತು, ಮುಂದಿನ ಸಾಲಿನಲ್ಲಿ # ಚಿಹ್ನೆಯ ‘ಇಫ್’ನಿಂದ ‘ವೇಗವು ೩ ಆಗಿದ್ದರೆ’ ಎಂದು ಪರೀಕ್ಷಿಸಿದನೆನ್ನೋಣ. ಕಣ್ಣಿಗೆ ಇದು ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ಪರೀಕ್ಷೆಯು ಮೊದಲ ಹಂತದಲ್ಲಿಯೂ ಬೆಲೆಯು ಎರಡನೆಯ ಹಂತದಲ್ಲಿಯೂ ನಡೆಯುವುದರಿಂದ, ಪರೀಕ್ಷೆಯ ಕಾಲಕ್ಕೆ ‘ವೇಗ’ವೆಂಬುದು ಇನ್ನೂ ಹುಟ್ಟಿಯೇ ಇಲ್ಲ. ಅರಿಯದ ಹೆಸರಿಗೆ ‘ಇಫ್’ ಸಾಲಿನಲ್ಲಿ ೦ ಎಂಬ ಬೆಲೆಯನ್ನು ಕೊಡುವುದು ಪ್ರಿಪ್ರೊಸೆಸರಿನ ನಿಯಮ. ಪರೀಕ್ಷೆಯು ವಿಫಲವಾಗುತ್ತದೆ, ಅದರೊಳಗಿನ ಪಾಠವೆಲ್ಲ ಸದ್ದಿಲ್ಲದೆ ಲೋಪವಾಗುತ್ತದೆ.

ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಕೊನೆಯ ಮೂರು ಪಾದಗಳ ವಿಧಿಗಳು ತಮಗಿಂತ ಹಿಂದಿನ ವಿಧಿಗಳ ದೃಷ್ಟಿಯಲ್ಲಿ ಅಸಿದ್ಧವಾದುವು, ಎಂದರೆ ನಡೆದೇ ಇಲ್ಲದಂತೆ ಇರತಕ್ಕುವು. ಅಂತೆಯೇ ಅಸೆಂಬ್ಲರಿನ ಕಾರ್ಯವೆಲ್ಲವೂ ಪ್ರಿಪ್ರೊಸೆಸರಿಗೆ ಅಸಿದ್ಧ. ಪಾಠದಲ್ಲಿ ಯಾವ ಸಾಲು ಮೇಲಿದೆಯೆಂಬುದಲ್ಲ, ಯಾವ ಹಂತಕ್ಕೆ ಸೇರಿದೆಯೆಂಬುದೇ ಮುಖ್ಯ. ‘.ಈಕ್ಯು’ವಿನಿಂದ ಬಂದ ಬೆಲೆಯನ್ನು ‘.ಇಫ್’ನಿಂದಲೂ, ‘ಡಿಫೈನ್’ನಿಂದ ಬಂದುದನ್ನು # ಚಿಹ್ನೆಯ ‘ಇಫ್’ನಿಂದಲೂ ಪರೀಕ್ಷಿಸತಕ್ಕದ್ದು. ಅರಿಯದ ಹೆಸರು ಪರೀಕ್ಷೆಯಲ್ಲಿ ಬಂದಾಗ ಎಚ್ಚರಿಸುವಂತೆ ಮಾಡುವ ‘ಡಬ್ಲ್ಯು ಅನ್‌ಡೆಫ್’ ಎಂಬ ಐಚ್ಛಿಕ ಸೂಚನೆಯು ಗ್ನೂ ಸಂಕಲಕದಲ್ಲುಂಟು. ಅದನ್ನು ಯಾವಾಗಲೂ ಕೊಡುವುದು ಒಳ್ಳೆಯದು.

೬. ವಿಳಾಸದ ಮ್ಯಾಕ್ರೊ: ಒಂದು ವಿಶೇಷ ಪರಿಶೀಲನೆ

ಎವಿಆರ್ ವರ್ಗದಲ್ಲಿ ಅತ್ಯಂತ ಹೆಚ್ಚಾಗಿ ದಾರಿ ತಪ್ಪಿಸುವ ದೋಷವು ದ್ವಾರಗಳ ವಿಳಾಸಕ್ಕೆ ಸಂಬಂಧಿಸಿದುದು. ಎಟಿಮೆಗಾ ೩೨೮ಪಿ ಬಿಲ್ಲೆಯಲ್ಲಿ ೩೨ ಸಾಮಾನ್ಯ ರಿಜಿಸ್ಟರುಗಳಿವೆ. ದತ್ತಾಂಶದ ವಿಳಾಸಶ್ರೇಣಿಯಲ್ಲಿ ೦ಯಿಂದ ೩೧ರವರೆಗಿನ ಸ್ಥಾನಗಳು ಅವುಗಳವು. ಅವುಗಳ ಅನಂತರ ೬೪ ದ್ವಾರರಿಜಿಸ್ಟರುಗಳ ಸ್ಥಾನಗಳು. ಈ ದ್ವಾರಗಳನ್ನು ಮುಟ್ಟಲು ಎರಡು ಮಾರ್ಗಗಳಿವೆ. ‘ಇನ್’, ‘ಔಟ್’ ಎಂಬ ಸೂಚನೆಗಳು ದ್ವಾರಗಳನ್ನು ೦ಯಿಂದ ೬೩ರವರೆಗೆ ತಮ್ಮದೇ ಎಣಿಕೆಯಲ್ಲಿ ಎಣಿಸುತ್ತವೆ. ‘ಎಲ್‌ಡಿಎಸ್’, ‘ಎಸ್‌ಟಿಎಸ್’ ಎಂಬುವು ದತ್ತಾಂಶದ ವಿಳಾಸವನ್ನು ಬಳಸುತ್ತವೆ. ಒಂದೇ ದ್ವಾರಕ್ಕೆ ಎರಡು ಸಂಖ್ಯೆಗಳು. ಇವುಗಳ ಅಂತರ ೩೨. ಪೋರ್ಟ್‌ಬಿ ಎಂಬ ದ್ವಾರವು ಮೊದಲ ಎಣಿಕೆಯಲ್ಲಿ ೫, ಎರಡನೆಯದರಲ್ಲಿ ೩೭.

ಎವಿಆರ್ ಲಿಬ್‌ಸಿ ಎಂಬ ಗ್ರಂಥಾಲಯದ ಶೀರ್ಷಕಡತದಲ್ಲಿ ‘ಪೋರ್ಟ್‌ಬಿ’ ಎಂಬುದೊಂದು ಮ್ಯಾಕ್ರೊ. ಸಿ ಭಾಷೆಗೆ ದತ್ತಾಂಶದ ವಿಳಾಸವೇ ಬೇಕಾಗಿರುವುದರಿಂದ ಅಂತರವಾದ ೩೨ನ್ನು ಅದು ತಾನಾಗಿಯೇ ಕೂಡಿಸುತ್ತದೆ. ಅಸೆಂಬ್ಲಿಯಲ್ಲಿ ಬಳಸಿದಾಗಲೂ ಈ ಬಿಲ್ಲೆಗೆ ಹಾಗೆಯೇ ಕೂಡಿಸಿ ೩೭ನ್ನು ಕೊಡುತ್ತದೆ. ಇದನ್ನರಿಯದೆ ಬರೆದ ಎರಡು ಸೂಚನೆಗಳ ಫಲವನ್ನು ಹೋಲಿಸಿ ನೋಡಬೇಕು.

ಮೊದಲನೆಯದು ‘ಎಸ್‌ಬಿಐ ಪೋರ್ಟ್‌ಬಿ, ೫’. ಇದು ದ್ವಾರದ ಒಂದು ಬಿಟ್ಟನ್ನು ಏರಿಸತಕ್ಕ ಸೂಚನೆ. ಇದರಲ್ಲಿ ದ್ವಾರಸಂಖ್ಯೆಗೆ ೦ಯಿಂದ ೩೧ರವರೆಗೆ ಮಾತ್ರ ಅವಕಾಶ. ೩೭ ಅದನ್ನು ಮೀರಿರುವುದರಿಂದ ಅಸೆಂಬ್ಲರು ಒಡನೆಯೇ ತಡೆಯುತ್ತದೆ. ಬರೆದವನಿಗೆ ತೊಂದರೆಯಾಯಿತು, ಕೆಲಸಕ್ಕೆ ಕೇಡಾಗಲಿಲ್ಲ.

ಎರಡನೆಯದು ‘ಔಟ್ ಪೋರ್ಟ್‌ಬಿ, ಆರ್೧೬’. ಇದರಲ್ಲಿ ೬೩ರವರೆಗೆ ಅವಕಾಶವುಂಟು. ೩೭ ಎಂಬುದು ನ್ಯಾಯವಾದ ಸಂಖ್ಯೆಯೇ. ಅಸೆಂಬ್ಲರು ಒಪ್ಪುತ್ತದೆ, ಲಿಂಕರು ಒಪ್ಪುತ್ತದೆ, ಬಿಲ್ಲೆಯೂ ಒಪ್ಪಿ ನಡೆಸುತ್ತದೆ. ಆದರೆ ದ್ವಾರಗಳ ಎಣಿಕೆಯಲ್ಲಿ ೩೭ನೆಯದು ಪೋರ್ಟ್‌ಬಿ ಅಲ್ಲ. ಅದು ಸೊನ್ನೆಯ ಟೈಮರನ್ನು ಆಳುವ ‘ಟಿಸಿಸಿಆರ್೦ಬಿ’ ಎಂಬ ರಿಜಿಸ್ಟರು. ಆರ್ಡುಯಿನೊ ಊನೊ ಫಲಕದ ದೀಪವು ಪೋರ್ಟ್‌ಬಿಯ ಐದನೆಯ ಬಿಟ್ಟಿಗೆ ಸೇರಿದೆ. ಅದನ್ನು ಹೊತ್ತಿಸಲು ಐದನೆಯ ಬಿಟ್ಟು ಮಾತ್ರ ಏರಿದ ೩೨ ಎಂಬ ಸಂಖ್ಯೆಯನ್ನು ಕಳುಹಿಸಿದರೆ, ಅದು ಟೈಮರಿನ ರಿಜಿಸ್ಟರನ್ನು ಸೇರುತ್ತದೆ. ಅಲ್ಲಿ ಕೆಳಗಿನ ಮೂರು ಬಿಟ್ಟುಗಳು ಟೈಮರಿನ ಗತಿಯನ್ನು ಗೊತ್ತುಮಾಡುವುವು. ಮೂರೂ ಸೊನ್ನೆಯಾದರೆ ಟೈಮರು ನಿಲ್ಲುತ್ತದೆ. ದೀಪವು ಹೊತ್ತುವುದಿಲ್ಲ, ಕಾಲದ ಎಣಿಕೆಯು ನಿಲ್ಲುತ್ತದೆ. ಆರ್ಡುಯಿನೊ ಗ್ರಂಥಾಲಯದ ಮಿಲಿಸೆಕೆಂಡುಗಳ ಗಣನೆಯು ಈ ಟೈಮರನ್ನೇ ಅವಲಂಬಿಸಿರುವುದರಿಂದ, ಕಡತಕ್ಕೆ ಸಂಬಂಧವೇ ಇಲ್ಲದ ಬೇರೊಂದು ಭಾಗವು ಕಾಯುತ್ತ ಕುಳಿತುಬಿಡುತ್ತದೆ. ದೀಪಕ್ಕೂ ಗಡಿಯಾರಕ್ಕೂ ಸಂಬಂಧವನ್ನು ಯಾವ ತರ್ಕದಿಂದ ಊಹಿಸಲಾದೀತು? ವಿಸ್ತರಿಸಿದ ಪಾಠವನ್ನು ನೋಡಿದವನಿಗೆ ಮಾತ್ರ ಅದು ಗೋಚರವಾಗುತ್ತದೆ.

ಪರಿಹಾರವು ಎರಡು ವಿಧ. ‘ಎಸ್‌ಎಫ್‌ಆರ್ ಐಒ ಆಡರ್’ ಎಂಬ ಮ್ಯಾಕ್ರೊವಿನೊಳಗೆ ದ್ವಾರದ ಹೆಸರನ್ನಿಟ್ಟರೆ ಅದು ೩೨ನ್ನು ಕಳೆದು ೫ನ್ನು ಕೊಡುತ್ತದೆ. ಇಲ್ಲವೆ, ‘ಎಸ್‌ಎಫ್‌ಆರ್ ಆಫ್‌ಸೆಟ್’ ಎಂಬ ಹೆಸರಿಗೆ ಶೀರ್ಷಕಡತವನ್ನು ಸೇರಿಸುವ ಮೊದಲೇ ೦ ಎಂಬ ಬೆಲೆಯನ್ನಿತ್ತರೆ ಅಂತರವು ಕೂಡುವುದೇ ಇಲ್ಲ. ಎರಡನೆಯ ಉಪಾಯದಲ್ಲಿ ಒಂದು ಅಪಾಯವಿದೆ. ಹಾಗೆ ಮಾಡಿದ ಕಡತದಲ್ಲಿ ‘ಎಸ್‌ಟಿಎಸ್ ಪೋರ್ಟ್‌ಬಿ, ಆರ್೧೬’ ಎಂದು ಬರೆದರೆ ದತ್ತಾಂಶದ ೫ನೆಯ ವಿಳಾಸಕ್ಕೆ ಬರೆದಂತಾಗುತ್ತದೆ. ಅದು ಆರ್೫ ಎಂಬ ಸಾಮಾನ್ಯ ರಿಜಿಸ್ಟರು. ಅದರಲ್ಲಿದ್ದ ಬೆಲೆಯು ಅಳಿಯುತ್ತದೆ. ದೂರು ಇಲ್ಲಿಯೂ ಇಲ್ಲ. ಆದುದರಿಂದ ಒಂದು ಕಡತದಲ್ಲಿ ಒಂದೇ ಪದ್ಧತಿಯನ್ನು ಹಿಡಿದು, ಶೀರ್ಷಕಡತವಾದ ಮೇಲೆ ‘ಆಫ್‌ಸೆಟ್ ೦ ಅಲ್ಲದಿದ್ದರೆ ನಿಲ್ಲು’ ಎಂಬರ್ಥದ ‘ಎರರ್’ ಸಾಲನ್ನು ಸೇರಿಸುವುದು ಲೇಸು. ಮೂಕದೋಷಕ್ಕೆ ಬಾಯಿ ಬರುವಂತೆ ಮಾಡುವ ಉಪಾಯವಿದು.

೭. ಮ್ಯಾಕ್ರೊ ಸುತ್ತಣ ಪಾಠಕ್ಕೆ ಮಾಡುವ ಕೇಡು

ಮ್ಯಾಕ್ರೊ ತನ್ನಷ್ಟಕ್ಕೆ ಶುದ್ಧವಾಗಿದ್ದರೂ ಇರುವ ಸ್ಥಾನದಿಂದ ಕೆಡುವುದುಂಟು. ಎವಿಆರ್‌ನಲ್ಲಿ ‘ಎಸ್‌ಬಿಐಸಿ’, ‘ಎಸ್‌ಬಿಆರ್‌ಸಿ’ ಮೊದಲಾದ ಸೂಚನೆಗಳು ನಿಬಂಧನೆಯು ಸಂದರೆ ಮುಂದಿನ ಒಂದು ಸೂಚನೆಯನ್ನು ಹಾರಿಹೋಗುತ್ತವೆ. ಮುಂದೆ ಇರುವುದು ಮೂರು ಸೂಚನೆಗಳ ಮ್ಯಾಕ್ರೊವಾದರೆ ಹಾರುವುದು ಮೊದಲನೆಯದನ್ನು ಮಾತ್ರ. ಉಳಿದೆರಡು ನಡೆದೇ ನಡೆಯುತ್ತವೆ. ಬರಹದಲ್ಲಿ ಮ್ಯಾಕ್ರೊ ಒಂದೇ ಸಾಲಾಗಿ ಕಾಣುವುದರಿಂದ ಈ ದೋಷವು ಕಣ್ಣಿಗೆ ಬೀಳುವುದಿಲ್ಲ.

ಫ್ಲ್ಯಾಗುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಎವಿಆರ್‌ನಲ್ಲಿ ಎಂಟು ಬಿಟ್ಟಿನ ರಿಜಿಸ್ಟರಿಗೆ ಸ್ಥಿರಸಂಖ್ಯೆಯನ್ನು ಕೂಡುವ ಸೂಚನೆಯಿಲ್ಲ. ಕಳೆಯುವ ‘ಸಬ್‌ಐ’ ಮಾತ್ರವುಂಟು. ಋಣಸಂಖ್ಯೆಯನ್ನು ಕಳೆದರೆ ಕೂಡಿದಂತೆಯೇ ಆಗುವುದರಿಂದ, ‘ಆಡ್‌ಐ’ ಎಂಬ ಮ್ಯಾಕ್ರೊವನ್ನು ಹೀಗೆ ಕಟ್ಟುವುದು ವಾಡಿಕೆ. ಮೊತ್ತವು ಸರಿಯಾಗಿಯೇ ಬರುತ್ತದೆ, ಕ್ಯಾರಿ ಫ್ಲ್ಯಾಗು ಮಾತ್ರ ತಲೆಕೆಳಗಾಗುತ್ತದೆ. ೧೬ಕ್ಕೆ ೫ನ್ನು ಕೂಡುವಾಗ ಯಂತ್ರವು ಮಾಡುವುದು ೧೬ರಿಂದ ೨೫೧ನ್ನು ಕಳೆಯುವ ಕ್ರಿಯೆ. ಉತ್ತರ ೨೧, ಆದರೆ ಸಾಲ ತೆಗೆದುಕೊಂಡುದರಿಂದ ಕ್ಯಾರಿ ೧ ಆಗುತ್ತದೆ. ೨೫೦ಕ್ಕೆ ೧೦ನ್ನು ಕೂಡುವಾಗ ೨೫೦ರಿಂದ ೨೪೬ ಕಳೆದು ೪ ಉಳಿಯುತ್ತದೆ. ಕ್ಯಾರಿ ೧ ಆಗಬೇಕಾದಲ್ಲಿ ೦ ಆಗಿರುತ್ತದೆ. ಈ ಮ್ಯಾಕ್ರೊವಿನ ಮುಂದೆ ಮೇಲಣ ಎಂಟು ಬಿಟ್ಟುಗಳಿಗಾಗಿ ಕ್ಯಾರಿಸಹಿತವಾಗಿ ಕೂಡುವ ‘ಎಡಿಸಿ’ ಸೂಚನೆಯನ್ನಿಟ್ಟರೆ, ಮೊದಲ ಲೆಕ್ಕದಲ್ಲಿ ೨೧ಕ್ಕೆ ಬದಲು ೨೭೭, ಎರಡನೆಯದರಲ್ಲಿ ೨೬೦ಕ್ಕೆ ಬದಲು ೪ ಬರುತ್ತದೆ. ಹದಿನಾರು ಬಿಟ್ಟುಗಳ ಸಂಖ್ಯೆಯಲ್ಲಿ ಕೆಳಭಾಗಕ್ಕೂ ಮೇಲ್ಭಾಗಕ್ಕೂ ಕಳೆಯುವ ಸೂಚನೆಗಳನ್ನೇ, ಎಂದರೆ ‘ಸಬ್‌ಐ’, ‘ಎಸ್‌ಬಿಸಿಐ’ಗಳನ್ನೇ ಬಳಸಿದರೆ ಲೆಕ್ಕವು ಸರಿಹೋಗುತ್ತದೆ.

ಮ್ಯಾಕ್ರೊವಿನ ಒಳಗೆ ತಾತ್ಕಾಲಿಕವಾಗಿ ಬಳಸಿದ ರಿಜಿಸ್ಟರಿನಲ್ಲಿ ಹೊರಗಿನವನು ತನ್ನ ಬೆಲೆಯನ್ನು ಇಟ್ಟುಕೊಂಡಿದ್ದರೆ ಅದೂ ಅಳಿಯುತ್ತದೆ. ಯಾವ ರಿಜಿಸ್ಟರುಗಳನ್ನು, ಯಾವ ಫ್ಲ್ಯಾಗುಗಳನ್ನು ಕೆಡಿಸುವುದೆಂಬುದನ್ನು ನಿರ್ವಚನದ ಮೇಲೆ ಬರೆದಿಡುವುದು ಸದಾಚಾರ. ಮ್ಯಾಕ್ರೊವಿನೊಳಗಿನ ಲೇಬಲು ಎರಡನೆಯ ಸಲ ವಿಸ್ತರಿಸಿದಾಗ ಪುನರುಕ್ತವಾಗುವುದು ಇನ್ನೊಂದು ಸಾಮಾನ್ಯ ದೋಷ. ಇದನ್ನು ಅಸೆಂಬ್ಲರು ತಾನೇ ಹೇಳುವುದರಿಂದ ಭಯವಿಲ್ಲ; ಅಂಕೆಯ ಸ್ಥಳೀಯ ಲೇಬಲುಗಳಿಂದ ಇದು ಪರಿಹಾರವಾಗುತ್ತದೆ.

೮. ಶೋಧನೆಯ ಕ್ರಮ

ಮೇಲ್ಕಂಡ ವಿವೇಚನೆಯಿಂದ ಶೋಧನೆಯ ಕ್ರಮವು ತಾನಾಗಿಯೇ ಏರ್ಪಡುತ್ತದೆ. ಪಾಠವು ಯಾವ ಹಂತಗಳನ್ನು ದಾಟಿತೋ ಆ ಹಂತಗಳಲ್ಲಿ ಒಂದೊಂದರ ಹೊರಬದಿಯಲ್ಲಿಯೂ ನಿಂತು ನೋಡಬೇಕು.

ಮೊದಲು, ಸಂಕಲಕಕ್ಕೆ ದೊಡ್ಡಕ್ಷರದ ‘ಇ’ ಎಂಬ ಐಚ್ಛಿಕ ಸೂಚನೆಯನ್ನಿತ್ತು ಪ್ರಿಪ್ರೊಸೆಸರಿನಿಂದ ಹೊರಬಂದ ಪಾಠವನ್ನು ಓದುವುದು. ‘ಡಿಫೈನ್’ ಮ್ಯಾಕ್ರೊಗಳ ಆದೇಶ, ಲೋಪವಾದ ಭಾಗಗಳು, ಪಾಠದೊಳಗೆ ಸೇರಿದ ಟಿಪ್ಪಣಿಗಳು ಇಲ್ಲಿ ಕಾಣುತ್ತವೆ. ಎರಡನೆಯದಾಗಿ, ಅಸೆಂಬ್ಲರು ಬರೆದುಕೊಡುವ ಲಿಸ್ಟಿಂಗನ್ನು ಮ್ಯಾಕ್ರೊಗಳ ವಿಸ್ತರಣೆಯೊಡನೆ ಪಡೆದು ಓದುವುದು, ‘.ಮ್ಯಾಕ್ರೊ’ಗಳು ಬಿಚ್ಚಿಕೊಂಡ ಬಗೆಯು ಅಲ್ಲಿ ತಿಳಿಯುತ್ತದೆ. ಮೂರನೆಯದಾಗಿ, ‘ಆಬ್ಜ್‌ಡಂಪ್’ ಎಂಬ ಸಾಧನದಿಂದ ಸಿದ್ಧವಾದ ಯಂತ್ರಸಂಖ್ಯೆಗಳನ್ನು ಹಿಂದಿರುಗಿಸಿ ಸೂಚನೆಗಳಾಗಿ ಓದುವುದು. ಇಲ್ಲಿ ಹೆಸರುಗಳ ವೇಷವಿಲ್ಲ. ‘ಔಟ್’ ಸೂಚನೆಯ ಎದುರು ೫ ಇದೆಯೇ ೩೭ ಇದೆಯೇ ಎಂಬುದು ಬಯಲಾಗುತ್ತದೆ. ಕೊನೆಗೆ, ಆ ಸಂಖ್ಯೆಗಳನ್ನು ತಯಾರಕರ ವಿವರಪತ್ರದ ವಿಳಾಸಗಳ ಪಟ್ಟಿಯೊಡನೆ ತಾಳೆ ನೋಡುವುದು.

ಹಂತಗಳಲ್ಲಿ ಯಾವುದಾದರೂ ದೂರಿದರೆ ಆ ದೂರಿನಿಂದ ಹಿಂದಕ್ಕೆ ಹೋಗಬೇಕು. ಯಾವುದೂ ದೂರದಿದ್ದರೆ ಕೊನೆಯಿಂದಲೇ, ಎಂದರೆ ಯಂತ್ರಸಂಖ್ಯೆಗಳಿಂದಲೇ ಆರಂಭಿಸಬೇಕು. ಮೇಲೆ ಹೇಳಿದ ದೋಷಗಳಲ್ಲಿ ಲೇಬಲಿನ ಪುನರುಕ್ತಿ, ‘ಎಸ್‌ಬಿಐ’ಯ ಮಿತಿ, ಕಡತದ ಹೆಸರು ಇವು ತಾವಾಗಿಯೇ ಕೂಗುವಂಥವು. ಅರ್ಧವಿರಾಮ, ‘ಇಫ್’ನ ಸೊನ್ನೆ, ‘ಔಟ್’ನ ವಿಳಾಸ, ಹಾರುವ ಸೂಚನೆ, ಕ್ಯಾರಿ ಇವು ಮೂಕವಾದುವು. ಕೂಗುವ ದೋಷವು ಬರೆಯುವವನ ಮೇಜಿನಲ್ಲಿಯೇ ತೀರುತ್ತದೆ. ಮೂಕದೋಷವು ಬಿಲ್ಲೆಯೊಡನೆ ಯಂತ್ರದೊಳಗೆ ಹೋಗಿ ಕುಳಿತುಕೊಳ್ಳುತ್ತದೆ.

ಮ್ಯಾಕ್ರೊವನ್ನು ತ್ಯಜಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಹೆಸರಿಲ್ಲದ ಬರಿಯ ಸಂಖ್ಯೆಗಳಿಂದ ತುಂಬಿದ ಬರಹದಲ್ಲಿ ತಪ್ಪುಗಳು ಇನ್ನೂ ಹೆಚ್ಚು. ಹೆಸರು ಓದುವವನಿಗಾಗಿ, ವಿಸ್ತರಣೆಯು ಯಂತ್ರಕ್ಕಾಗಿ ಎಂಬುದನ್ನು ಮರೆಯದೆ, ಒಂದು ಮ್ಯಾಕ್ರೊವನ್ನು ಮೊದಲ ಸಲ ಬಳಸಿದಾಗಲೇ ಅದರ ವಿಸ್ತರಣೆಯನ್ನು ಒಮ್ಮೆ ಕಣ್ಣಾರೆ ಓದುವ ಅಭ್ಯಾಸವನ್ನಿಟ್ಟುಕೊಂಡರೆ, ಈ ದೋಷಗಳಲ್ಲಿ ಹೆಚ್ಚಿನವು ಬಿಲ್ಲೆಯನ್ನು ಮುಟ್ಟುವ ಮೊದಲೇ ನಿವಾರಣೆಯಾಗುತ್ತವೆ.